ಚಮಕಿ ಅಂಟಿದ ಕತ್ತರಿ

"ಎದ್ದೇಳಮ್ಮ, ಹೊತ್ತಾತು. ಸ್ಟೇಷನ್ನಿಗೆ ಹೋಗಾಣ."

ಎಎಸ್‌ಐ ಜಯಪ್ಪ ಎರಡನೆಯ ಸಲ ಹೇಳಿದಾಗಲೂ ಅಂಜಿನಮ್ಮ ಕೈಯಲ್ಲಿದ್ದ ಕತ್ತರಿ ಕೆಳಗಿಡಲಿಲ್ಲ. ಹೋದ ಹೊಸವರ್ಷದ ಕಾರ್ಡೊಂದರಿಂದ ಗುಲಾಬಿಯ ಚಿತ್ರ ಕತ್ತರಿಸಿ ತೆಗೆಯುತ್ತಿದ್ದಳು. ಕತ್ತರಿ ದಳದ ಅಂಚು ಹಿಡಿದು ನಿಧಾನವಾಗಿ ತಿರುಗಿತು. ಹೂ ಪೂರ್ತಿ ಬಿಡಿಸಿಕೊಂಡ ಮೇಲೆ ಅದನ್ನು ಮೇಜಿನ ಮೇಲಿಟ್ಟು ತಲೆಯೆತ್ತಿದಳು.

"ಬರ್ತೀನಿ ಸಾರ್. ಕೈಗೆತ್ಕೊಂಡಿದ್ದನ್ನ ಅರ್ಧಕ್ಕೆ ಬಿಟ್ಟು ರೂಢಿ ಇಲ್ಲ."

ಚನ್ನಗಿರಿಯ ಅಡಿಕೆ ಮಂಡಿಗಳ ಬೀದಿಯಲ್ಲಿದ್ದ ಆ ಹಳೆಯ ಮಳಿಗೆಯೊಳಗೆ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಳಿಗೆಯ ಒಡತಿ ಕಸ್ತೂರಮ್ಮನವರಿಗೆ ಒಂದರ ಹಿಂದೊಂದು ಬಂದ ಬೆದರಿಕೆ ಕಾರ್ಡುಗಳು ಇಲ್ಲೇ, ಈ ಮೇಜಿನ ಮೇಲೆಯೇ ತಯಾರಾದವು ಎಂದು ಊರು ಆಗಲೇ ತೀರ್ಪು ಕೊಟ್ಟಾಗಿತ್ತು.

"ಸಾರ್, ಸ್ವಲ್ಪ ತಡೀರಿ!"

ಬಾಗಿಲಲ್ಲಿ ಅಂಬಿಕಾ ನಿಂತಿದ್ದಳು. ನ್ಯಾಮತಿಯ ಬಸ್ಸಿಳಿದು ಓಡುತ್ತ ಬಂದವಳ ಹಣೆಯಿಂದ ಬೆವರಿಳಿಯುತ್ತಿತ್ತು. ಬಗಲಲ್ಲಿ ಬ್ಯಾಗು, ಕೈಯಲ್ಲಿ ಅರ್ಧ ತಿಂದ ಮಂಡಕ್ಕಿಯ ಪೊಟ್ಟಣ. ಜಗಳೂರಿನವಳು. ವಿಮಾ ಕಂಪನಿಗಳಿಗೆ ಸುಳ್ಳು ಕ್ಲೇಮುಗಳ ಜಾಡು ಹಿಡಿದುಕೊಟ್ಟು ಹೆಸರು ಮಾಡಿ, ಈಗ ಸ್ವಂತಕ್ಕೆ ಪತ್ತೇದಾರಿಕೆ ನಡೆಸುತ್ತಿದ್ದಳು. ಅವಳನ್ನು ಕರೆಸಿದವರು ಕಸ್ತೂರಮ್ಮನವರೇ.

"ಮೇಡಂ, ಮೊನ್ನೆಯಿಂದ ನೀವು ತಡೀರಿ ಅಂತೀರಿ, ನಾನು ತಡೀತಾನೇ ಇದೀನಿ," ಎಂದ ಜಯಪ್ಪ. ಕೆಟ್ಟ ಮನುಷ್ಯನಲ್ಲ. ಆದರೆ ಮೇಲಿನವರ ಫೋನು ಬೆಳಗಿನಿಂದ ಅವನ ಜೇಬಿನಲ್ಲಿ ಗುಂಯ್‌ಗುಡುತ್ತಿತ್ತು.

"ಇದು ನೋಡ್ರಿ." ಅಂಬಿಕಾ ಬಲಗೈ ಮುಂದೆ ಚಾಚಿದಳು. ತೋರುಬೆರಳಿನ ಉಗುರ ಸಂದಿಯಲ್ಲಿ ಬೆಳ್ಳಿಯ ಕಣಗಳು ಮಿನುಗಿದವು. "ಮೊನ್ನೆ ಆ ಬೆದರಿಕೆ ಕಾರ್ಡು ಮುಟ್ಟಿದ್ದೆ. ಎಷ್ಟು ಸೋಪು ಹಾಕಿದ್ರೂ ಹೋಗಿಲ್ಲ. ಏನಿದು?"

"ಚಮಕಿ ಪುಡಿ."

"ಹೌದಲ್ಲ? ಮೂರು ಕಾರ್ಡಿಗೂ ಚಮಕಿ ಐತೆ. ಮಂಜು ಬಿದ್ದ ಮನೆ, ಗಂಟೆ, ನಕ್ಷತ್ರ. ಎಲ್ಲಾ ಚಮಕಿ ಮೆತ್ತಿದ ಚಿತ್ರಗಳು."

"ಆಗ್ಲಿ, ಅದಕ್ಕೇನೀಗ?"

ಅಂಬಿಕಾ ಮಂಡಕ್ಕಿ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಅಂಜಿನಮ್ಮನ ಪಕ್ಕದಲ್ಲಿ ಕೂತಳು.

ಅಲ್ಲಿನ ಕೆಲಸ ಅವಳು ಬಂದ ಮೊದಲ ದಿನವೇ ನೋಡಿದ್ದಳು. ಹೊಸವರ್ಷ, ಸಂಕ್ರಾಂತಿ, ದೀಪಾವಳಿ, ಕ್ರಿಸ್‌ಮಸ್ ಕಳೆದ ಮೇಲೆ ಮನೆಗಳಲ್ಲಿ, ಬ್ಯಾಂಕುಗಳಲ್ಲಿ, ಅಂಗಡಿಗಳಲ್ಲಿ ಉಳಿದುಹೋಗುವ ಶುಭಾಶಯದ ಕಾರ್ಡುಗಳನ್ನು ಈ ಹೆಂಗಸರು ಕೇಳಿ ತರುತ್ತಿದ್ದರು. ಚಿತ್ರಗಳನ್ನು ಕತ್ತರಿಸಿ ಹೊಸ ರಟ್ಟಿಗೆ ಅಂಟಿಸುತ್ತಿದ್ದರು. ಬರವಣಿಗೆಯಿದ್ದ ಅರ್ಧಭಾಗ ನೀರಿನ ತೊಟ್ಟಿಗೆ ಬಿದ್ದು, ನೆನೆದು, ರುಬ್ಬಿಸಿಕೊಂಡು ಮತ್ತೆ ಕಾಗದವಾಗುತ್ತಿತ್ತು. ಹಾಗೆ ಹುಟ್ಟಿದ ಹೊಸ ಕಾರ್ಡುಗಳು ಈ ಸಲ ಹೊನ್ನಾಳಿ, ನ್ಯಾಮತಿ, ಜಗಳೂರಿನ ಹಾಸ್ಟೆಲುಗಳಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ಹುಡುಗಿಯರಿಗೆ ಹೊರಟಿದ್ದವು. ಪ್ರತಿಯೊಬ್ಬಳಿಗೂ ಅವಳ ಹೆಸರು ಬರೆದ ಒಂದೊಂದು ಕಾರ್ಡು.

ಅದು ಅಂಜಿನಮ್ಮನ ಆಲೋಚನೆ. ಅವಳೂ ಹಾಸ್ಟೆಲಿನಲ್ಲಿ ಓದಿದವಳು. "ಪರೀಕ್ಷೆ ಹೊತ್ತಿಗೆ ಬ್ಯಾರೆ ಹುಡುಗೀರ್ಗೆ ಮನೆಯಿಂದ ಕಾಗ್ದ ಬರೋದು. ನಮ್ಮಪ್ಪ ಅವ್ವಗೆ ಬರಿಯಾಕೆ ಬರ್ತಿರಲಿಲ್ಲ," ಎಂದಿದ್ದಳು ಒಮ್ಮೆ, ಅಷ್ಟೇ.

"ಅಕ್ಕಾ, ಚಮಕಿ ಇರೋ ಕಾರ್ಡು ಬಂದ್ರೆ ಏನು ಮಾಡ್ತೀರಿ?"

"ಅದು ಬ್ಯಾಡವ್ವ ನಮಗೆ. ನೀರಿಗೆ ಹಾಕಿದ್ರೆ ಪುಡಿ ಮೇಲೆ ತೇಲ್ತೈತೆ, ಕಾಗ್ದಕ್ಕೆಲ್ಲ ಅಂಟ್ಕಂತೈತೆ. ಗುಜರಿಯೋರೂ ಮುಟ್ಟಲ್ಲ. ಒಳಗೇ ತರಲ್ಲ ಅದನ್ನ. ಹಿಂದಿನ ಬಾಗಿಲ ಹತ್ರ ಒಂದು ಚೀಲ ಇಟ್ಟೀವಿ, ಅದಕ್ಕೆ ಹಾಕ್ತೀವಿ."

"ಕೇಳಿದ್ರಾ ಸಾರ್? ಬೆಳಿಗ್ಗೆ ಹೊನ್ನಾಳಿ, ಆಮೇಲೆ ನ್ಯಾಮತಿ. ಎರಡೂ ಹಾಸ್ಟೆಲಿಗೆ ಹೋಗಿ ಬಂದೆ. ಹುಡುಗೀರು ಕಾರ್ಡನ್ನ ಟ್ರಂಕಿನ ಮುಚ್ಚಳಕ್ಕೆ, ಮಂಚದ ತಲೆಗೆ ಅಂಟಿಸ್ಕೊಂಡವ್ರೆ. ಒಂದೊಂದನ್ನೂ ಉಜ್ಜಿ ನೋಡಿದೆ. ಒಂದು ಕಣ ಚಮಕಿ ಬೆರಳಿಗೆ ಹತ್ತಲಿಲ್ಲ."

ಜಯಪ್ಪ ಮೀಸೆ ಕೆರೆದುಕೊಂಡ. "ಬೆದರಿಕೆಗೆ ಅಂತ್ಲೇ ಆ ಚೀಲದಿಂದ ಎತ್ತಿರಬಹುದಲ್ಲ?"

"ಎತ್ತಿದ್ರೆ ಕತ್ತರಿಸಬೇಕಲ್ಲ? ಕತ್ತರಿಸಿದ್ರೆ ಕತ್ತರಿಗೆ ಗೊತ್ತಿರ್ತೈತೆ. ನಿಮ್ಮ ಮೊಬೈಲ್ ಲೈಟು ಹಾಕ್ರಿ."

ಹೆಂಗಸರು ತಮ್ಮ ತಮ್ಮ ಕತ್ತರಿಗಳನ್ನು ತಂದು ಸಾಲಾಗಿ ಇಟ್ಟರು. ಎರಡು ಅಲಗು ಕೂಡುವ ಜಾಗದಲ್ಲಿ, ತಿರುಪಿನ ಸುತ್ತ, ಎಣ್ಣೆಯ ಜಿಡ್ಡು ಕಪ್ಪಾಗಿ ಕೂತಿತ್ತು. ಜಯಪ್ಪ ಕಣ್ಣು ಕಿರಿದು ಮಾಡಿಕೊಂಡು ಒಂದೊಂದನ್ನೂ ಬೆಳಕಿಗೆ ಹಿಡಿದ. ಬಿಳಿ ಕಾಗದದ ಮೇಲೆ ಕುಟ್ಟಿ ನೋಡಿದ. ಕಾಗದದ ಧೂಳು ಬಿತ್ತು, ಒಣಗಿದ ಗೋಂದು ಬಿತ್ತು. ಮಿನುಗುವಂಥದ್ದು ಏನೂ ಬೀಳಲಿಲ್ಲ.

"ಆ ಚೀಲ ತೋರ್ಸ್ರಿ ಹಂಗಾದ್ರೆ," ಎಂದ. ಅವನ ದನಿ ಈಗ ಬೇರೆಯಾಗಿತ್ತು.

"ಇಲ್ಲ ಸಾರ್. ಗುರಣ್ಣ ಒಯ್ದವ್ರೆ," ಎಂದಳು ಅಂಜಿನಮ್ಮ. "ದಾವಣಗೆರೆ ಕಡೆ ಹೋಗ್ತಿರ್ತೀನಿ, ನಾನೇ ಹಾಕಿ ಬರ್ತೀನಿ ಅಂತ ಅವ್ರೇ ಬಂದು ಕೇಳಿದ್ರು."

ಗುರುಬಸವರಾಜ್. ಕಸ್ತೂರಮ್ಮನವರ ಮೈದುನನ ಮಗ. ಕಸ್ತೂರಮ್ಮನವರ ಯಜಮಾನರು ಬಸವರಾಜಪ್ಪ ಇದೇ ಮಳಿಗೆಯಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದವರು. ಈ ಹೆಂಗಸರಲ್ಲಿ ಹಲವರು ಆಗ ಅಲ್ಲೇ ಅಡಿಕೆ ಆರಿಸುವ ಕೂಲಿಗೆ ಬರುತ್ತಿದ್ದರು. ಎರಡು ವರ್ಷದ ಹಿಂದೆ ಅಟ್ಟದ ಏಣಿಯಿಂದ ಕಾಲು ಜಾರಿ ಬಿದ್ದು ತೀರಿಕೊಂಡರು. ಮಕ್ಕಳಿಲ್ಲ. ಮಂಡಿಯ ವ್ಯವಹಾರ ಗುರುಬಸವರಾಜನ ಕೈಗೆ ಬಂತು. ಮಳಿಗೆ ಮಾತ್ರ ಕಸ್ತೂರಮ್ಮ ಬಿಟ್ಟುಕೊಡಲಿಲ್ಲ. ಬೀಗ ತೆಗೆಸಿ ಅಂಜಿನಮ್ಮನ ಗುಂಪಿಗೆ ಕೂರಲು ಕೊಟ್ಟರು.

ಬೆದರಿಕೆ ಕಾರ್ಡುಗಳಲ್ಲಿದ್ದ ಮಾತೂ ಅದೇ: *ಮಳಿಗೆ ನಮ್ಮ ಹೆಸರಿಗೆ ಬರೆದುಕೊಡು. ಇಲ್ಲದಿದ್ದರೆ ಅದರ ಜೊತೆ ನೀನೂ ಸುಟ್ಟುಹೋಗುತ್ತೀ.* ಪತ್ರಿಕೆಯಿಂದ ಕತ್ತರಿಸಿದ ಪದಗಳು. ಓದಿದ ಯಾರಿಗಾದರೂ ಬೆರಳು ಹೆಂಗಸರ ಕಡೆಗೇ ತಿರುಗಬೇಕು.

"ನಡೀರಿ ಸಾರ್, ಮಂಡಿಗೆ," ಎಂದಳು ಅಂಬಿಕಾ. "ಅಕ್ಕಾ, ನೀವೂ ಬರ್ರಿ. ಗುರಣ್ಣನ ಮೇಲೆ ನಂಗೆ ಮೊದ್ಲೇ ಅನುಮಾನ ಇತ್ತು, ಕಸ್ತೂರಮ್ಮಾರಿಗೆ ಅಲ್ಲಿಗೇ ಬರಾಕೆ ಹೇಳೀನಿ."

ಮಂಡಿಯ ಮುಂದೆ ಬಿಳಿ ಕಾರು ನಿಂತಿತ್ತು. ಅಂಬಿಕಾ ಅದರ ಹಿಂದೆ ಒಂದು ಕ್ಷಣ ನಿಂತಳು. ಡಿಕ್ಕಿಯ ಅಂಚಿನ ಕಪ್ಪು ರಬ್ಬರು ಬಿಸಿಲಿಗೆ ಸಣ್ಣಗೆ ಮಿನುಗುತ್ತಿತ್ತು. ಆಮೇಲೆ ಮೆಟ್ಟಿಲು ಹತ್ತಿದಳು.

ಒಳಗೆ ಹಾಲಿನಂಥ ಬಿಳಿ ಗಾದಿಯ ಮೇಲೆ ಗುರುಬಸವರಾಜ್ ದಿಂಬಿಗೊರಗಿ ಕೂತಿದ್ದ. ನಲವತ್ತರ ಆಸುಪಾಸು. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಸಕ್ಕರೆ. ಪಕ್ಕದ ಕುರ್ಚಿಯಲ್ಲಿ ಕಸ್ತೂರಮ್ಮ ಕೂತಿದ್ದರು. ಮೂರು ವಾರದ ನಿದ್ದೆಗೇಡು ಅವರ ಕಣ್ಣ ಕೆಳಗೆ ಕಪ್ಪಾಗಿತ್ತು.

"ಬರ್ರಿ ಸಾರ್, ಕೂತ್ಕೊಳ್ರಿ. ಏ, ಚಹಾ ತಗಂಬಾರೋ!"

ಚಹಾ ಬಂತು. ಜಯಪ್ಪನಿಗೆ ಸ್ಟೀಲ್ ಲೋಟ. ಅಂಬಿಕಾಗೂ ಅಂಜಿನಮ್ಮನಿಗೂ ಕಾಗದದ ಕಪ್ಪು. ಅಂಬಿಕಾ ಕಪ್ಪನ್ನು ನೋಡಿದಳು, ಕುಡಿದಳು, ಬ್ಯಾಗಿನಿಂದ ಹುರಿ ಬಿಗಿದ ಒಂದು ಕಟ್ಟು ತೆಗೆದಳು.

"ಗಂಟು ಬಿಗಿಯಾಗೈತೆ. ಒಂದು ಕತ್ತರಿ ಕೊಡ್ತೀರಾ?"

ಗುರುಬಸವರಾಜ್ ಗಾದಿಯ ಪಕ್ಕದ ಡ್ರಾಯರ್ ಎಳೆದು ಕತ್ತರಿ ಕೊಟ್ಟ. ಅವಳು ಹುರಿ ಕತ್ತರಿಸಿದಳು. ಕತ್ತರಿ ಹಿಂದಿರುಗಿಸಲಿಲ್ಲ.

"ಗುರಣ್ಣ, ಆ ಚಮಕಿ ಕಾರ್ಡಿನ ಚೀಲ ನೀವು ಒಯ್ದಿರಂತೆ?"

"ಒಯ್ದೆ. ಪಾಪ, ಹೆಂಗಸರಿಗೆ ತೊಂದರೆ ಯಾಕೆ ಅಂತ. ಗುಜರಿಗೆ ಹಾಕಿ ಬಂದೆ."

"ಬಿಚ್ಚಿ ನೋಡಿದ್ರಾ?"

"ಆ ಕಸ ನಾನ್ಯಾಕೆ ಬಿಚ್ಚಲಿ? ಬಾಯಿ ಕಟ್ಟಿತ್ತು. ಹಂಗೇ ಒಯ್ದೆ, ಹಂಗೇ ಕೊಟ್ಟೆ."

"ಒಂದು ಕಾರ್ಡೂ ಹೊರಗೆ ತೆಗೀಲಿಲ್ಲ?"

"ಮುಟ್ಟೇ ಇಲ್ಲ ಅಂದೆನಲ್ಲ."

"ಸಾರ್, ಕೇಳಿಸ್ಕೊಂಡ್ರಲ್ಲ?" ಎಂದು ಅಂಬಿಕಾ ಕತ್ತರಿಯನ್ನು ಬಿಳಿ ಗಾದಿಯ ಮೇಲೆ ಹಿಡಿದಳು. ಬ್ಯಾಗಿನಿಂದ ತೆಗೆದ ಸೂಜಿಯಿಂದ ತಿರುಪಿನ ಸುತ್ತಲಿನ ಜಿಡ್ಡು ಕೆರೆದಳು. ಅಲಗು ತೆರೆದು, ಮುಚ್ಚಿ, ಬೆರಳಿನಿಂದ ಮೆಲ್ಲಗೆ ಕುಟ್ಟಿದಳು.

ಮೊದಲು ಕಪ್ಪು ಜಿಡ್ಡಿನ ಒಂದು ಚೂರು ಬಿತ್ತು. ಅದರ ಬೆನ್ನಿಗೇ ಬೆಳ್ಳಿ, ನೀಲಿ, ಕೆಂಪು. ಸಾಸಿವೆಗಿಂತ ಸಣ್ಣ ಕಣಗಳು ಆ ಬಿಳುಪಿನ ಮೇಲೆ ಉದುರಿ ಫಳಫಳಿಸಿದವು.

ಕಸ್ತೂರಮ್ಮ ಕುರ್ಚಿಯ ಕೈ ಹಿಡಿದುಕೊಂಡರು.

ಗುರುಬಸವರಾಜ್ ನಕ್ಕ. ನಗು ಅರೆಕ್ಷಣ ತಡವಾಗಿ ಬಂತು. "ಮಂಡಿ ಕತ್ತರಿ ಮೇಡಂ. ಹಮಾಲರು ಮುಟ್ತಾರೆ, ಗುಮಾಸ್ತರು ಮುಟ್ತಾರೆ. ನಾನು ಯಾರ್ಯಾರ ಕೈ ಕಾಯಲಿ?" ಆಮೇಲೆ ದನಿ ತಗ್ಗಿಸಿ, ಜಯಪ್ಪನ ಕಡೆ ನೋಡುತ್ತ ಸೇರಿಸಿದ: "ಇವರ ಕಷ್ಟಾನೂ ನಂಗೆ ಅರ್ಥ ಆಗ್ತೈತೆ ಸಾರ್. ಅವರವರ ಕೇರಿಯೋರನ್ನ ಬಿಟ್ಟುಕೊಡಾಕೆ ಯಾರಿಗಾದ್ರೂ ಆಗುತ್ತಾ?"

ಅಂಜಿನಮ್ಮ ತಲೆ ತಗ್ಗಿಸಿದಳು. ಅಂಬಿಕಾಳ ಕಿವಿ ಸುಟ್ಟಂತಾಯಿತು. ಈ ಮಾತು ಅವಳಿಗೆ ಹೊಸದಲ್ಲ. ಆದರೆ ಕೇಳಿದಾಗಲೆಲ್ಲ ಹೊಸದಾಗಿಯೇ ಉರಿಯುತ್ತಿತ್ತು. ಕಾಗದದ ಕಪ್ಪನ್ನು ಮುದುರಿ ಗಾದಿಯ ಅಂಚಿಗಿಟ್ಟಳು.

"ಹೌದ್ರಿ, ನಮ್ಮೋರೇ. ಅದಕ್ಕೇ ಅವರನ್ನ ಎರಡೆರಡು ಸಲ ಪರೀಕ್ಷೆ ಮಾಡಿದೆ. ನಿಮ್ಮನ್ನ ಒಂದೇ ಸಲ."

ಜಯಪ್ಪ ಕೆಮ್ಮಿದ. ಅದು ನಗೆಯೋ ಕೆಮ್ಮೋ ತಿಳಿಯಲಿಲ್ಲ.

"ಚೀಲ ಯಾವ ಗುಜರಿಗೆ ಕೊಟ್ರಿ?" ಅಂಬಿಕಾ ಬಿಡಲಿಲ್ಲ. "ಚಮಕಿ ಕಾರ್ಡು ಯಾವ ಗುಜರಿಯೋನೂ ತಗಳಲ್ಲ. ದಾವಣಗೆರೆಯಲ್ಲಿ ಮೊದ್ಲೇ ವಿಚಾರಿಸೀನಿ."

"ಹೆಸರು ನೆನಪಿಲ್ಲ."

"ಹಂಗಾದ್ರೆ ಕಾರಿನ ಡಿಕ್ಕಿ ತೆಗೀರಿ."

"ಯಾಕೆ ತೆಗೀಲಿ? ಸರ್ಚ್ ವಾರಂಟ್ ಐತಾ ನಿಮ್ಮತ್ರ?"

ಹೊರಗೆ ಅಡಿಕೆ ಮೂಟೆ ಇಳಿಸುತ್ತಿದ್ದ ಹಮಾಲರು ಕೆಲಸ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಿದ್ದರು. ಜಯಪ್ಪ ಅಂಬಿಕಾಳ ಮುಖ ನೋಡಿದ.

ಉತ್ತರ ಬಂದದ್ದು ಕುರ್ಚಿಯಿಂದ.

"ಗುರು, ಆ ಕಾರು ಯಾರ ಹೆಸರಲ್ಲೈತೆ?"

"ದೊಡ್ಡವ್ವ, ನೀವು ಸುಮ್ನಿರ್ರಿ..."

"ಯಾರ ಹೆಸರಲ್ಲೈತೆ ಅಂತ ಕೇಳಿದೆ."

ಕಸ್ತೂರಮ್ಮ ಎದ್ದು ನಿಂತರು. ವಾರಗಟ್ಟಲೆ ಗೋಡೆ ಹಿಡಿದು ಓಡಾಡುತ್ತಿದ್ದ ಹೆಂಗಸು ಈಗ ಏನನ್ನೂ ಹಿಡಿಯಲಿಲ್ಲ. "ನಿಮ್ಮ ದೊಡ್ಡಪ್ಪ ಹೋದ ಮೇಲೆ ಅದು ನನ್ನ ಹೆಸರಿಗೆ ಬಂತು. ನನ್ನ ಕಾರು ನಾನು ತೆಗೆಸ್ತೀನಿ. ಬೀಗದಕೈ ಕೊಡು."

ಚಾಚಿದ ಆ ಮುದಿ ಅಂಗೈ ಅಲುಗಲಿಲ್ಲ. ಗುರುಬಸವರಾಜ್ ಹಮಾಲರನ್ನು ನೋಡಿದ, ಜಯಪ್ಪನನ್ನು ನೋಡಿದ, ಕೊನೆಗೆ ಜೇಬಿಗೆ ಕೈ ಹಾಕಿದ.

ಡಿಕ್ಕಿಯಲ್ಲಿ, ಮಡಿಸಿದ ತಾಡಪಾಲಿನ ಅಡಿಯಲ್ಲಿ ಚೀಲವಿತ್ತು. ಬಾಯಿ ಬಿಚ್ಚಿತ್ತು. ಜಯಪ್ಪ ಅದನ್ನು ತಂದು ಗಾದಿಯ ಮೇಲೆ ಸುರಿದ. ಕಾರ್ಡುಗಳು ಜಾರಿ ಹರಡಿದವು. ಗಾದಿ ಹಬ್ಬದ ಪೇಟೆಯಂತೆ ಝಗಝಗಿಸಿತು.

"ಅಕ್ಕಾ, ಈಗ ನಿಮ್ಮ ಕೆಲಸ," ಎಂದಳು ಅಂಬಿಕಾ. "ಮುಂದಿನ ಚಿತ್ರ ಹೋಗಿ, ಹಿಂದಿನ ಅರ್ಧ ಮಾತ್ರ ಉಳಿದಿರೋವು ಹುಡುಕ್ರಿ."

ಅಂಜಿನಮ್ಮ ಗಾದಿಯ ಮೇಲೆ ಕೂರಲು ಒಂದು ಗಳಿಗೆ ಹಿಂಜರಿದಳು. ಕಸ್ತೂರಮ್ಮ ಅವಳ ಭುಜ ಹಿಡಿದು ಕೂರಿಸಿದರು. ಹುಡುಕಲು ಬಹಳ ಹೊತ್ತು ಹಿಡಿಯಲಿಲ್ಲ. ಒಂದು ಅರ್ಧ ಸಿಕ್ಕಿತು, ಇನ್ನೊಂದು ಸಿಕ್ಕಿತು, ಮತ್ತೊಂದು. ಜಯಪ್ಪ ಪ್ಲಾಸ್ಟಿಕ್ ಕವರಿನಿಂದ ಬೆದರಿಕೆ ಕಾರ್ಡು ತೆಗೆದು ಅಂಚಿಗೆ ಅಂಚು ಹಿಡಿದ.

ಮಂಜು ಬಿದ್ದ ಮನೆ ತನ್ನ ಉಳಿದರ್ಧಕ್ಕೆ ಒಡೆದ ಹಂಚು ಕೂಡಿಕೊಂಡ ಹಾಗೆ ಕೂತುಕೊಂಡಿತು. ಎಡಕ್ಕೆ ಜಾರಿದ ಕತ್ತರಿಯ ಗುರುತು ಇಲ್ಲೂ ಇತ್ತು, ಅಲ್ಲೂ ಇತ್ತು. ಗಂಟೆ ಕೂತಿತು. ನಕ್ಷತ್ರವೂ ಕೂತಿತು.

"ಅಂಚೆಲ್ಲ ಸೊಟ್ಟ ಗುರಣ್ಣ," ಎಂದಳು ಅಂಜಿನಮ್ಮ, ತಲೆಯೆತ್ತಿ ಅವನನ್ನೇ ನೋಡುತ್ತ. "ನಮ್ಮ ಹೆಸರಲ್ಲಿ ಮಾಡೋದಾದ್ರೆ ಒಂದು ದಿನ ಬಂದು ಕಲ್ತುಕೊಂಡು ಹೋಗಬೇಕಿತ್ತು. ಇಷ್ಟು ಕೆಟ್ಟದಾಗಿ ನಮ್ಮಲ್ಲಿ ಯಾರೂ ಕತ್ತರಿಸಲ್ಲ."

ಬಾಗಿಲಲ್ಲಿದ್ದ ಹಮಾಲನೊಬ್ಬ ಗೊಳ್ಳೆಂದು ನಕ್ಕ. ಆ ನಗುವಿಗೇ ಗುರುಬಸವರಾಜನ ತಾಳ್ಮೆಯ ಕಟ್ಟೆ ಒಡೆಯಿತು.

"ಮತ್ತೇನು ಮಾಡ್ಲಿ?" ಎಂದು ಕೂಗಿದ. "ಬೀದಿಗೆ ಮುಖ ಮಾಡಿದ ಜಾಗ ಅದು! ಮೂರಂತಸ್ತು ಎಬ್ಬಿಸಬಹುದು. ಅಂಥಾ ಜಾಗದಲ್ಲಿ ಹಳೇ ಕಾಗದ ಹರಿದುಕೊಂಡು ಕೂತವ್ರೆ. ಹೆದರಿದ್ರೆ ಇವರನ್ನ ಹೊರಗೆ ಹಾಕ್ತೀರಿ ಅಂದ್ಕೊಂಡೆ. ಸುಡೋನಾಗಿದ್ರೆ ಸುಡ್ತಿದ್ದೆ. ಬರೀ ಹೆದರಿಸಿದೆ, ಅಷ್ಟೇ ದೊಡ್ಡವ್ವ!"

"ಅಷ್ಟೇ," ಎಂದರು ಕಸ್ತೂರಮ್ಮ. "ನಾನು ರಾತ್ರಿಯೆಲ್ಲ ಒಲೆ ಆರೈತಾ, ಗ್ಯಾಸು ಆರೈತಾ ಅಂತ ಎದ್ದೆದ್ದು ನೋಡ್ತಿದ್ದೆ. ಅಷ್ಟೇ. ಈ ಹುಡುಗಿನ ಪೊಲೀಸರು ಎಳ್ಕೊಂಡು ಹೋಗೋರಿದ್ರು. ಅಷ್ಟೇ. ಜಯಪ್ಪ, ನಿಮ್ಮ ಕೆಲಸ ಮಾಡ್ರಿ."

ಜೀಪು ಹೊರಟಾಗ ಬೀದಿಯ ಎರಡೂ ಕಡೆ ಜನ ನಿಂತಿದ್ದರು. ಬೆಳಿಗ್ಗೆ ಅಂಜಿನಮ್ಮನನ್ನು ಕಂಡು ಮುಖ ತಿರುಗಿಸಿದ್ದ ಪ್ರೆಸ್ಸಿನ ರಘುನಾಥ ಈಗ ಅಂಗಡಿಯಿಂದಿಳಿದು ಬಂದ. ಪುಕ್ಕಟೆ ಕಾರ್ಡು ಕೊಟ್ಟು ತನ್ನ ವ್ಯಾಪಾರ ಹಾಳು ಮಾಡುತ್ತಿದ್ದಾರೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದವನು. "ರಟ್ಟಿನ ಚೂರು ದಂಡಿಯಾಗಿ ಬೀಳ್ತೈತೆ ನಮ್ಮಲ್ಲಿ. ಬೇಕಂದ್ರೆ ಕಳಿಸ್ತೀನಮ್ಮ," ಎಂದ, ನೆಲ ನೋಡುತ್ತ.

"ಬೇಕು. ಕಳಿಸ್ರಿ," ಎಂದಳು ಅಂಜಿನಮ್ಮ. ಅವಳ ಚಿತ್ತವೆಲ್ಲ ಜಗಳೂರಿನ ಬಸ್ಸಿನ ಮೇಲಿತ್ತು. ಆ ಹಾಸ್ಟೆಲಿನ ಕಾರ್ಡುಗಳಷ್ಟೇ ಇನ್ನು ಹೋಗಬೇಕಿತ್ತು.

ಮಳಿಗೆ ಜೇನುಗೂಡಿನಂತಾಯಿತು. ಕೊನೆಯ ಕಾರ್ಡುಗಳಿಗೆ ಹೆಸರು ಬರೆದು, ಪೆಟ್ಟಿಗೆ ತುಂಬಿ, ಹುರಿ ಬಿಗಿದರು. ಗುರುಬಸವರಾಜನನ್ನು ಸ್ಟೇಷನ್ನಿಗೆ ಬಿಟ್ಟು ಹೇಳಿಕೆಗೆಂದು ಹಿಂದಿರುಗಿದ ಜಯಪ್ಪ ಬಾಗಿಲಲ್ಲಿ ತೊಡಕಾಗಿ ನಿಂತಿದ್ದ. ಓಬವ್ವ ಎಂಬ ಮುದುಕಿ ಅವನ ಕೈಗೇ ಪೆಟ್ಟಿಗೆ ಹೊರಿಸಿದಳು. "ಆಗ ನಮ್ಮ ಹುಡುಗಿನ ಒಯ್ಯಾಕೆ ಬಂದಿದ್ಯಲ್ಲಪ್ಪ? ಈಗ ಇದನ್ನ ಒಯ್ಯಿ!"

ಚನ್ನಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಖಾಕಿ ತೊಟ್ಟ ಎಎಸ್‌ಐ ಒಬ್ಬ ಹಾಸ್ಟೆಲ್ ಹುಡುಗಿಯರ ಕಾರ್ಡಿನ ಪೆಟ್ಟಿಗೆ ಹೊತ್ತು ಓಡಿದ್ದನ್ನು ಕಂಡವರು ಆಮೇಲೆ ಬಹಳ ದಿನ ಹೇಳಿಕೊಂಡರು. ಬಸ್ಸು ಸಿಕ್ಕಿತು. ಕಂಡಕ್ಟರ್ ಪೆಟ್ಟಿಗೆಯನ್ನು ತನ್ನ ಸೀಟಿನ ಪಕ್ಕವೇ ಇಟ್ಟುಕೊಂಡ.

ಅಂಬಿಕಾ ಮೇಜಿನ ಮೂಲೆಯಲ್ಲಿ ಕೂತು, ಮೆತ್ತಗಾಗಿದ್ದ ಮಂಡಕ್ಕಿಯನ್ನೇ ಖುಷಿಯಿಂದ ಮುಗಿಸುತ್ತಿದ್ದಳು. ಅಂಜಿನಮ್ಮ ಬಂದು ಅವಳ ಎದುರು ಬಿಸಿ ಮೆಣಸಿನಕಾಯಿ ಬಜ್ಜಿಯ ತಟ್ಟೆ ಇಟ್ಟಳು. ಅಂಬಿಕಾಳ ಕೈಯನ್ನು ಒಮ್ಮೆ ಗಟ್ಟಿಯಾಗಿ ಅಮುಕಿ ಹೋದಳು.

ಇಳಿಹೊತ್ತಿಗೆ ಕಸ್ತೂರಮ್ಮ ಬಂದರು. ಯಜಮಾನರು ಹೋದ ಮೇಲೆ ಅವರು ಈ ಹೊಸ್ತಿಲು ದಾಟಿದ್ದು ಇದೇ ಮೊದಲು. ಒಳಗೆ ಕಾಲಿಟ್ಟವರು ಅಟ್ಟದ ಏಣಿಯ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದರು.

"ಕೂರಾಕೆ ಅಂತ ಕೊಟ್ಟಿದ್ದೆ ಇದನ್ನ," ಎಂದರು. "ಇನ್ನು ಕೂರಾಕೆ ಅಲ್ಲ. ನಿಮ್ಮ ಸಂಘದ ಹೆಸರಿಗೇ ಬರೆದು ಕೊಡ್ತೀನಿ. ಹೆದರಿಸಿದೋರಿಗಲ್ಲ, ದುಡಿದೋರಿಗೆ ಕೊಡ್ತಿದೀನಿ."

ಆಗ ಎದ್ದ ಕೂಗಿಗೆ ಮಾಡಿನ ಪಾರಿವಾಳಗಳು ಹಾರಿದವು. ಓಬವ್ವ ಕುಣಿದೇ ಬಿಟ್ಟಳು.

"ಅಮ್ಮಾರೆ, ನಾವೂ ನಿಮಗೊಂದು ಮಾಡೀವಿ!" ಎಂದು ಹೆಂಗಸರು ಒಂದು ದೊಡ್ಡ ಕಾರ್ಡು ತಂದು ಅವರ ಕೈಗಿತ್ತರು. ಆಗ ತಾನೇ, ಸಂಭ್ರಮದಲ್ಲೇ ಮಾಡಿದ್ದು. ಒಬ್ಬೊಬ್ಬರು ಒಂದೊಂದು ಚಿತ್ರ ಅಂಟಿಸಿದ್ದರು: ದೀಪ, ಎಳ್ಳುಬೆಲ್ಲ, ನವಿಲು, ಗುಲಾಬಿ. ನಡುವೆ ಒಂದು ಪುಟ್ಟ ಮನೆ, ಅದಕ್ಕೆ ತೆರೆಯುವ ಕಾಗದದ ಬಾಗಿಲು.

ಕಸ್ತೂರಮ್ಮ ನಗುತ್ತ ಚಿತ್ರಗಳ ಮೇಲೆ ಕೈಯಾಡಿಸಿದರು. ಬೆರಳ ತುದಿಯಿಂದ ಆ ಬಾಗಿಲು ತೆರೆದರು.

ನಗು ಅಲ್ಲೇ ನಿಂತಿತು.

ಅವರು ಕಾರ್ಡನ್ನು ಅಂಬಿಕಾಳ ಕಡೆ ತಿರುಗಿಸಿ ಹಿಡಿದರು. ಹಾರೈಕೆಯ ಸಾಲು ಇರಬೇಕಿದ್ದ ಬಾಗಿಲ ಹಿಂದೆ, ಹಳೆಯ ಕಾರ್ಡುಗಳಿಂದ ಒಂದೊಂದಾಗಿ ಬಿಡಿಸಿದ ಅಕ್ಷರಗಳು, ಅಂಚು ಒಂದಿಷ್ಟೂ ಸೊಟ್ಟವಿಲ್ಲದೆ, ಸಾಲಾಗಿ ಕೂತಿದ್ದವು:

*ಯಜಮಾನರು ಕಾಲು ಜಾರಿ ಬೀಳಲಿಲ್ಲ. ತಳ್ಳಿದ್ದನ್ನು ನಾನು ನೋಡಿದ್ದೇನೆ.*

ಅಂಬಿಕಾ ಬೆರಳಿನಿಂದ ಮುಟ್ಟಿದಳು. ಗೋಂದು ಇನ್ನೂ ಹಸಿಯಾಗಿತ್ತು. ಈ ಕಾರ್ಡಿಗೆ ರಟ್ಟು ಕತ್ತರಿಸಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಆ ಹೊತ್ತಿಗೆ ಗುರುಬಸವರಾಜ್ ಸ್ಟೇಷನ್ನಿನಲ್ಲಿದ್ದ. ಮಳಿಗೆಯೊಳಗೆ ಹೊರಗಿನವರು ಯಾರೂ ಕಾಲಿಟ್ಟಿರಲಿಲ್ಲ. ಇದನ್ನು ಅಂಟಿಸಿದವಳು ಈ ಹೆಂಗಸರಲ್ಲೇ ಒಬ್ಬಳು.

ಅವಳು ನಿಧಾನವಾಗಿ ತಲೆಯೆತ್ತಿದಳು. ಎದುರಿಗೆ ಅರ್ಧಚಂದ್ರಾಕಾರವಾಗಿ ನಿಂತ ಹೆಂಗಸರೆಲ್ಲರ ಮುಖದಲ್ಲೂ ಗೆಲುವಿನ ಕಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಎಲ್ಲರೂ ಒಂದೇ ಉಸಿರಿಗೆ ಕೂಗುತ್ತಿದ್ದರು:

"ಓದ್ರಿ ಅಮ್ಮಾರೆ! ಎಲ್ಲರಿಗೂ ಕೇಳೋ ಹಂಗೆ ಜೋರಾಗಿ ಓದ್ರಿ!"